ಮನೆಯಲ್ಲಿ ಕಟ್ಟಿದ ದೋಣಿಗೆ ಯಾವ ಪೇಂಟ್ ಹೊಡೆಯಬೇಕು?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಹಿನ್ನೀರಿನ ಕಡೆಯವನು. ತೋಟದ ಕೆಲಸದ ನಡುವೆ ಬಿಡುವು ಮಾಡಿಕೊಂಡು 14 ಅಡಿಯ ಒಂದು ದೋಣಿ ಕಟ್ಟಿದ್ದೇನೆ. ಹುಟ್ಟು ಹಾಕಿ ನಡೆಸುವಂಥದ್ದು. 6 ಎಂಎಂ ಮರೈನ್ ಪ್ಲೈವುಡ್ ಬಳಸಿದ್ದೇನೆ. ಹಲಗೆಗಳನ್ನು ತಂತಿಯಲ್ಲಿ ಹೊಲಿದು, ಒಳಮೂಲೆಗಳಿಗೆ ಎಪಾಕ್ಸಿ (ಎರಡು ಭಾಗ ಬೆರೆಸಿದರೆ ಗಟ್ಟಿಯಾಗುವ ಅಂಟುರಾಳ) ತುಂಬಿ, ಜೋಡಣೆಗಳ ಮೇಲೆ ಫೈಬರ್ ಗ್ಲಾಸ್ ಪಟ್ಟಿ ಅಂಟಿಸಿ ಆಗಿದೆ. ಹೊರಮೈ ಇನ್ನೂ ಬರಿ ಮರ. ಅಪ್ಪ ಗೇರೆಣ್ಣೆ ಸಾಕು ಅನ್ನುತ್ತಾರೆ. ಪಕ್ಕದ ಮನೆಯವರು ಡಾಂಬರು ಬಳಿಯಲು ಹೇಳುತ್ತಾರೆ. ಶಿವಮೊಗ್ಗದ ಒಬ್ಬ ಪೇಂಟರ್ ಕಾರಿಗೆ ಮಾಡುವ ಹಾಗೆ ಪುಟ್ಟಿ ಹಾಕಿ ಸ್ಪ್ರೇ ಹೊಡೆದುಕೊಡುತ್ತೇನೆ ಅಂತಿದ್ದಾರೆ. ಯಾವುದು ಸರಿ? ಅಡಿಕೆ ಕೆಲಸ ಮುಗಿದು ಕೊಟ್ಟಿಗೆ ಖಾಲಿ ಇದೆ. ಮಳೆ ಹಿಡಿಯುವುದರೊಳಗೆ ಮುಗಿಸಬೇಕು. ಬಳಸಿದ ಮೇಲೆ ದೋಣಿಯನ್ನು ದಡಕ್ಕೆ ಎಳೆದಿಡುವ ಯೋಚನೆ ಇದೆ.

ಉತ್ತರ: ಮೂರೂ ಬೇಡ. ಹಾಗಂತ ಸಲಹೆ ಕೊಟ್ಟವರು ತಿಳಿಯದವರೇನಲ್ಲ. ಅವರು ಹೇಳಿದ್ದು ಬೇರೆ ಬಗೆಯ ದೋಣಿಗೆ, ಬೇರೆ ಕೆಲಸಕ್ಕೆ ಸರಿ.

ಗೇರೆಣ್ಣೆಯನ್ನೇ ತೆಗೆದುಕೊಳ್ಳಿ. ಕರಾವಳಿಯಲ್ಲಿ ಗಟ್ಟಿ ಮರದ ಹಲಗೆಯ ದೋಣಿಗಳಿಗೆ ಅದನ್ನು ಹಿಂದಿನಿಂದಲೂ ಹಚ್ಚುತ್ತಾ ಬಂದಿದ್ದಾರೆ. ಅಂಥ ದೋಣಿಯ ಹಲಗೆ ನೀರು ಕುಡಿದು ಸ್ವಲ್ಪ ಉಬ್ಬಬೇಕು. ಉಬ್ಬಿದಾಗಲೇ ಸಂದು ಬಿಗಿಯಾಗುತ್ತದೆ. ಮರ ಕೊಳೆಯದ ಹಾಗೆ, ಹುಳ ತಿನ್ನದ ಹಾಗೆ ನೋಡಿಕೊಳ್ಳುವುದಷ್ಟೇ ಎಣ್ಣೆಯ ಕೆಲಸ. ನಿಮ್ಮದು ಪ್ಲೈವುಡ್. ಅದು ಉಬ್ಬಲೇಬಾರದು. ಎಣ್ಣೆ ಕುಡಿದ ಪ್ಲೈವುಡ್ ಮೇಲೆ ಆಮೇಲೆ ಎಪಾಕ್ಸಿ ಹಿಡಿಯುವುದಿಲ್ಲ, ಪೇಂಟೂ ಸರಿಯಾಗಿ ಒಣಗುವುದಿಲ್ಲ. ಒಮ್ಮೆ ಹಚ್ಚಿದರೆ ಮತ್ತೆ ತೆಗೆಯಲು ಆಗದು. ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ ಅನ್ನುವುದು ನಿಮ್ಮ ತಂದೆಯವರಿಗೂ ಗೊತ್ತಿರುತ್ತದೆ.

ಡಾಂಬರು ಹರಿಗೋಲಿಗೆ ಒಳ್ಳೆಯದು. ಬಿದಿರಿನ ಹೆಣಿಗೆಗೆ ಪ್ಲಾಸ್ಟಿಕ್ ಚೀಲ ಹೊದಿಸಿ ಡಾಂಬರು ಬಳಿಯುತ್ತಾರೆ. ಸೋರಿದರೆ ಮತ್ತೆ ಬಳಿದರಾಯಿತು. ಪ್ಲೈವುಡ್ ಮೇಲೆ ಅದು ಬೇಸಿಗೆಯ ಬಿಸಿಲಿಗೆ ಮೆತ್ತಗಾಗಿ ಬಟ್ಟೆಗೆಲ್ಲ ಅಂಟುತ್ತದೆ. ಮುಂದೆ ಬೇರೆ ಏನನ್ನೂ ಅದರ ಮೇಲೆ ಹಚ್ಚಲು ಬರುವುದಿಲ್ಲ.

ಇನ್ನು ಕಾರಿನ ಪುಟ್ಟಿ. ಅದರಲ್ಲಿ ಇರುವುದು ಪಾಲಿಯೆಸ್ಟರ್ ರಾಳ ಮತ್ತು ಟಾಲ್ಕ್ ಪುಡಿ. ಉಜ್ಜಲು ಬೆಣ್ಣೆಯಂತೆ ಸುಲಭ ಅನ್ನುವುದು ನಿಜ. ಆದರೆ ಅದು ನಿಧಾನಕ್ಕೆ ನೀರು ಹೀರುತ್ತದೆ, ಮರದ ಮೇಲೆ ಅದರ ಹಿಡಿತವೂ ಕಡಿಮೆ. ಕಾರಿನ ಮೈ ಗಂಟೆಗಟ್ಟಲೆ ನೀರಿನಲ್ಲಿ ಮುಳುಗಿರುವುದಿಲ್ಲ, ಅಲ್ವಾ? ಸ್ಪ್ರೇ ಬಗ್ಗೆ ಮುಂದೆ ಹೇಳುತ್ತೇನೆ.

ನಿಮ್ಮ ಪ್ರಶ್ನೆಯಲ್ಲಿ ಇರುವ ಒಂದು ನಂಬಿಕೆಯನ್ನು ಮೊದಲು ಸರಿಪಡಿಸಬೇಕು. ಪೇಂಟ್ ನೀರನ್ನು ತಡೆಯುವುದಿಲ್ಲ. ಸ್ವಲ್ಪ ತಡಮಾಡುತ್ತದೆ, ಅಷ್ಟೆ. ನೀರು ತಡೆಯುವುದು ಕೆಳಗಿನ ಎಪಾಕ್ಸಿ. ಆ ಎಪಾಕ್ಸಿಯನ್ನು ಬಿಸಿಲಿನಿಂದ ಕಾಯುವುದು ಪೇಂಟ್. ಬಿಸಿಲು ಬಿದ್ದರೆ ಎಪಾಕ್ಸಿ ಮೊದಲು ಹಳದಿಯಾಗುತ್ತದೆ, ಆಮೇಲೆ ಹೊಳಪು ಹೋಗಿ ಸುಣ್ಣದ ಹಾಗೆ ಪುಡಿ ಏಳುತ್ತದೆ. ಹಾಗಾಗಿ ಎರಡೂ ಬೇಕು.

ಎರಡನೆಯದು ಇನ್ನೂ ಮುಖ್ಯ. ನಮ್ಮ ಕಡೆ ಮರದ ದೋಣಿ ಹಾಳಾಗುವುದು ಕೆಳಗಿನ ಹೊಳೆಯ ನೀರಿನಿಂದಲ್ಲ, ಮೇಲಿನಿಂದ ಬೀಳುವ ಮಳೆಯಿಂದ. ಮರ ಕೊಳೆಸುವ ಶಿಲೀಂಧ್ರಕ್ಕೆ ತೇವ ಬೇಕು, ಗಾಳಿಯೂ ಬೇಕು. ಪೂರ್ತಿ ಮುಳುಗಿದ ಮರದಲ್ಲಿ ಗಾಳಿ ಇಲ್ಲ. ದೋಣಿಯ ಒಳಗೆ ಮೂಲೆಯಲ್ಲಿ ನಿಂತ ಮಳೆನೀರು, ಅದರ ಜೊತೆ ಬಿದ್ದ ಅಡಿಕೆ ಸೋಗೆಯ ಚೂರು, ತರಗೆಲೆ, ಆಷಾಢ ಶ್ರಾವಣದಲ್ಲಿ ತಿಂಗಳುಗಟ್ಟಲೆ ಆರದ ಗಾಳಿ: ಇವಿಷ್ಟು ಇದ್ದರೆ ಶಿಲೀಂಧ್ರಕ್ಕೆ ಬೇರೇನೂ ಬೇಡ. ಆದ್ದರಿಂದ ಹೊರಮೈಗೆ ಎಷ್ಟು ಗಮನ ಕೊಡುತ್ತೀರೋ ಒಳಮೈಗೆ ಅದಕ್ಕಿಂತ ಜಾಸ್ತಿ ಕೊಡಿ. ನಿಮ್ಮ ಪ್ರಶ್ನೆಯಲ್ಲಿ ಒಳಗಿನ ಮಾತೇ ಇಲ್ಲ ಎಂದು ಇದನ್ನು ಒತ್ತಿ ಹೇಳುತ್ತಿದ್ದೇನೆ.

ಈಗ ಕೆಲಸಕ್ಕೆ ಬರೋಣ.

ಮೊದಲು ಮರ ಒಣಗಿರಬೇಕು. ಹಸಿ ಇರುವಾಗ ಎಪಾಕ್ಸಿ ಬಳಿದರೆ ತೇವವನ್ನು ಒಳಗೇ ಕೂಡಿಹಾಕಿದಂತೆ. ಮಳೆಗಾಲ ಕಳೆದ ಮರ ಕೊಟ್ಟಿಗೆಯೊಳಗೇ ಇದ್ದರೂ ತೇವ ಹಿಡಿದುಕೊಂಡಿರುತ್ತದೆ. ನಮ್ಮಲ್ಲಿ ಮರ ಚೆನ್ನಾಗಿ ಆರುವುದು ಶಿವರಾತ್ರಿಯಿಂದ ಯುಗಾದಿಯವರೆಗೆ. ಆ ಹೊತ್ತಿಗೆ ಅಂಗಳದ ಅಡಿಕೆಯೂ ಖಾಲಿಯಾಗಿರುತ್ತದೆ. ಒಣಗಿದೆಯೋ ಇಲ್ಲವೋ ನೋಡಲು ಸುಲಭದ ದಾರಿ ಇದೆ. ಅದೇ ಪ್ಲೈವುಡ್‌ನ ಒಂದು ತುಂಡನ್ನು ದೋಣಿಯ ಪಕ್ಕದಲ್ಲೇ ಇಡಿ. ಎರಡು ಮೂರು ದಿನಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ತೂಕ ಇಳಿಯುವುದು ನಿಂತರೆ ಮರ ಆರಿದೆ ಎಂದರ್ಥ. ಅಡಿಕೆ ಒಣಗಿಸುವ ಪಾಲಿಹೌಸ್ ಇದ್ದರೆ ದೋಣಿಯನ್ನು ಅದರೊಳಗೆ ಇಟ್ಟು ಒಣಗಿಸಿ. ಆದರೆ ಎಪಾಕ್ಸಿ ಹಚ್ಚುವ ಕೆಲಸ ಅಲ್ಲಿ ಬೇಡ. ಯಾಕೆ ಅಂತ ಹೇಳುತ್ತೇನೆ.

ಮರದೊಳಗೆ ಗಾಳಿ ಇರುತ್ತದೆ. ಮರ ಬಿಸಿಯಾಗುತ್ತಾ ಹೋದಾಗ ಆ ಗಾಳಿ ಹಿಗ್ಗಿ ಹೊರಗೆ ಬರುತ್ತದೆ. ಬೆಳಿಗ್ಗೆ ಹತ್ತಕ್ಕೆ ಎಪಾಕ್ಸಿ ಹಚ್ಚಿದರೆ ಮಧ್ಯಾಹ್ನದ ಹೊತ್ತಿಗೆ ಮೈತುಂಬ ಗುಳ್ಳೆ. ಅದೇ ಮಧ್ಯಾಹ್ನ ಮೂರರ ಮೇಲೆ, ಮರ ತಣ್ಣಗಾಗಲು ಶುರುವಾದಾಗ ಹಚ್ಚಿದರೆ ಗಾಳಿ ಕುಗ್ಗಿ ರಾಳವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮೊದಲ ಪದರಕ್ಕೆ, ಅಂದರೆ ಮೊದಲ ಕೋಟಿಗೆ, ಇದು ತುಂಬಾ ಮುಖ್ಯ. ಕೊಟ್ಟಿಗೆಯ ಸೂರಿನಡಿ ಇರಲಿ, ಇಬ್ಬನಿ ತಾಗಬಾರದು.

ಎಪಾಕ್ಸಿಯ ಎರಡು ಭಾಗಗಳನ್ನು, ಅಂದರೆ ರಾಳ ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡನರನ್ನು, ಡಬ್ಬದ ಮೇಲೆ ಹೇಳಿದ ಪ್ರಮಾಣದಲ್ಲೇ ತೂಗಿ ಬೆರೆಸಿ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಜಾಸ್ತಿ ಹಾಕುವುದು ಬೇಡವೇ ಬೇಡ. ಫೈಬರ್ ಶೀಟ್, ಟ್ಯಾಂಕ್ ಮಾಡುವವರು ಬಳಸುವ ಪಾಲಿಯೆಸ್ಟರ್ ರಾಳದಲ್ಲಿ ಕ್ಯಾಟಲಿಸ್ಟ್ (ಗಟ್ಟಿಯಾಗಿಸುವ ದ್ರಾವಣ) ಹೆಚ್ಚುಕಮ್ಮಿ ಮಾಡಿ ವೇಗ ಹೊಂದಿಸುವ ರೂಢಿ ಇದೆ. ಎಪಾಕ್ಸಿಯಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಪ್ರಮಾಣ ತಪ್ಪಿದರೆ ಎಷ್ಟು ದಿನ ಬಿಟ್ಟರೂ ಅದು ಮೆತ್ತಗೇ ಉಳಿಯುತ್ತದೆ. ಮಾರ್ಚ್ ತಿಂಗಳ ಸೆಕೆಗೆ ನಿಧಾನ ಗಟ್ಟಿಯಾಗುವ ಹಾರ್ಡನರ್ ಕೇಳಿ ತನ್ನಿ. ಬಿಸಿ 10 ಡಿಗ್ರಿ ಏರಿದರೆ ಕೈಯಲ್ಲಿರುವ ಸಮಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಂದು ಸಲಕ್ಕೆ 200 ಗ್ರಾಂಗಿಂತ ಹೆಚ್ಚು ಕಲಸಬೇಡಿ. ಕಲಸಿದ್ದನ್ನು ಕೂಡಲೇ ಅಗಲವಾದ ತಟ್ಟೆಗೆ ಸುರಿದುಕೊಳ್ಳಿ. ಲೋಟದಲ್ಲೇ ಬಿಟ್ಟರೆ ತನ್ನ ಬಿಸಿಗೆ ತಾನೇ ಕುದಿದು ಹೊಗೆ ಬರುತ್ತದೆ. ಅಡಿಕೆ ಸಿಪ್ಪೆ, ಹುಲ್ಲು ಇರುವ ಕೊಟ್ಟಿಗೆಯಲ್ಲಿ ಇದು ಸಣ್ಣ ವಿಷಯವಲ್ಲ.

ಹೊರಮೈಗೆ ಪೂರ್ತಿಯಾಗಿ 200 ಜಿಎಸ್ಎಂ (ಚದರ ಮೀಟರಿಗೆ 200 ಗ್ರಾಂ ತೂಗುವ) ಗಾಜಿನ ಬಟ್ಟೆ ಹೊದಿಸಿ. ಪಟ್ಟಿ ಅಂಟಿಸಿದ್ದೇನಲ್ಲ, ಸಾಕಲ್ಲ ಅಂತ ಅನಿಸಬಹುದು. ಆದರೆ ನಮ್ಮಲ್ಲಿ ಸಿಗುವ ಪ್ಲೈವುಡ್‌ನ ಮೇಲ್ಪದರ ಬಿಸಿಲಿಗೆ ಕೂದಲೆಳೆಯಷ್ಟು ಸಣ್ಣಗೆ ಬಿರಿಯುತ್ತದೆ. ಮರೈನ್ ಪ್ಲೈವುಡ್‌ನ ಭಾರತೀಯ ಮಾನಕವಾದ ಐಎಸ್ 710 ಮುದ್ರೆ ಇದ್ದರೂ ಬಿರಿಯುತ್ತದೆ. ಆ ಮುದ್ರೆ ಅಂಟು ನೀರಿಗೆ ಬಿಡುವುದಿಲ್ಲ ಎನ್ನುವುದಕ್ಕೆ ಖಾತ್ರಿ, ಮೇಲ್ಪದರ ಬಿರಿಯುವುದಿಲ್ಲ ಎನ್ನುವುದಕ್ಕಲ್ಲ. ಬಿರುಕಿನಲ್ಲಿ ನೀರು ಇಳಿದರೆ ಪೇಂಟ್ ಹಪ್ಪಳದಂತೆ ಏಳುತ್ತದೆ. ತೆಳುವಾದ ಗಾಜಿನ ಬಟ್ಟೆ ಇದನ್ನು ತಡೆಯುತ್ತದೆ. ಇನ್ನೊಂದು ಕಾರಣ ನಿಮ್ಮ ಊರಿನದೇ. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಜಲಾಶಯ ತುಂಬಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ಇವತ್ತಿಗೂ ನೀರೊಳಗೆ ನಿಂತಿವೆ. ಬೇಸಿಗೆಯಲ್ಲಿ ನೀರು ಇಳಿದಂತೆ ಅವು ಮೇಲ್ಮಟ್ಟಕ್ಕೆ ಬರುತ್ತವೆ. ದಡದಲ್ಲಿ ಜಂಬಿಟ್ಟಿಗೆ ಕಲ್ಲು ಬೇರೆ. ದಿನಾ ಎಳೆದಿಡುವ ದೋಣಿಯ ತಳ ಗೀರು ಬೀಳದೆ ಇರಲು ಸಾಧ್ಯವಿಲ್ಲ. ಬಟ್ಟೆ ಇದ್ದರೆ ಗೀರು ಮರದವರೆಗೆ ಇಳಿಯುವುದಿಲ್ಲ. ತಳದ ನಡುವೆ ಉದ್ದಕ್ಕೂ ಒಂದು ಗಟ್ಟಿ ಮರದ ಪಟ್ಟಿ ಕೊಡಿ. ಸವೆದಾಗ ಬದಲಿಸಲು ಬರುವಂತೆ ಇರಲಿ.

ಬಟ್ಟೆ ನೆನೆಯಲು ಸುಮಾರು ಅದರ ತೂಕದಷ್ಟೇ ರಾಳ ಬೇಕು. ಅದರ ಮೇಲೆ ನೇಯ್ಗೆ ಮುಚ್ಚಲು ಇನ್ನೆರಡು ಕೋಟು. ಹಿಂದಿನ ಕೋಟು ಬೆರಳಿಗೆ ಅಂಟದೆ, ಉಗುರು ಒತ್ತಿದರೆ ಗುರುತು ಬೀಳುವ ಹಂತದಲ್ಲಿ ಇರುವಾಗಲೇ ಮುಂದಿನದು ಹಚ್ಚಿದರೆ ನಡುವೆ ಉಜ್ಜುವ ಕೆಲಸ ಇಲ್ಲ. 14 ಅಡಿಯ ದೋಣಿಗೆ ಒಳಗೂ ಹೊರಗೂ ಸೇರಿ 5ರಿಂದ 6 ಕೆಜಿ ರಾಳ ಹಿಡಿಯುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ.

ಹಲಗೆಯ ಕತ್ತರಿಸಿದ ಅಂಚುಗಳನ್ನು ಮರೆಯಬೇಡಿ. ಪ್ಲೈವುಡ್ ನೀರು ಕುಡಿಯುವುದು ಮುಖಕ್ಕಿಂತ ಹೆಚ್ಚಾಗಿ ಅಂಚಿನಿಂದ. ರಾಳ ಹಚ್ಚಿ, ಹೀರಿಕೊಂಡ ಮೇಲೆ ಮತ್ತೆ ಹಚ್ಚಿ, ಇನ್ನು ಕುಡಿಯುವುದಿಲ್ಲ ಅನ್ನುವ ತನಕ ಹಚ್ಚಿ. ಹುಟ್ಟು ಕೂರಿಸುವ ಕೊಂಡಿ, ಹಗ್ಗದ ಬಳೆ ಇವಕ್ಕೆ ಕೊರೆಯುವ ತೂತುಗಳೂ ಅಂಚೇ. ಬೇಕಾದ ಅಳತೆಗಿಂತ ದೊಡ್ಡದಾಗಿ ಕೊರೆದು, ಗಟ್ಟಿ ಎಪಾಕ್ಸಿ ತುಂಬಿ, ಅದು ಆರಿದ ಮೇಲೆ ಅದರ ನಡುವೆ ಸರಿಯಾದ ಅಳತೆಯ ತೂತು ಕೊರೆಯಿರಿ. ಆಗ ಸ್ಕ್ರೂ ಎಲ್ಲಿಯೂ ಮರಕ್ಕೆ ತಾಗುವುದಿಲ್ಲ. ಈ ಕೆಲಸವನ್ನು ಬೇಸರದಿಂದ ಬಿಟ್ಟುಬಿಡುವವರೇ ಹೆಚ್ಚು. ದೋಣಿ ಕೊಳೆಯಲು ಶುರುವಾಗುವುದೂ ಅಲ್ಲಿಂದಲೇ.

ಆಮೇಲೆ ತೊಳೆಯುವುದು. ಮಲೆನಾಡಿನವರು ಇದನ್ನು ಬಿಡಲೇಬಾರದು. ತೇವದ ಗಾಳಿಯಲ್ಲಿ ಗಟ್ಟಿಯಾದ ಎಪಾಕ್ಸಿಯ ಮೇಲೆ ಜಿಡ್ಡಿನಂಥ ತೆಳು ಪೊರೆ ಬರುತ್ತದೆ. ಎಷ್ಟೋ ಸಲ ಕಣ್ಣಿಗೆ ಕಾಣುವುದೂ ಇಲ್ಲ. ಅದರ ಮೇಲೆ ಹೊಡೆದ ಪೇಂಟ್ ಒಂದೇ ಮಳೆಗಾಲಕ್ಕೆ ಸುಲಿದು ಬರುತ್ತದೆ. ಥಿನ್ನರ್‌ನಿಂದ ಒರೆಸಿದರೆ ಹೋಗುವುದಿಲ್ಲ. ಅದು ನೀರಿನಲ್ಲಿ ಕರಗುವಂಥದ್ದು. ಶುದ್ಧ ನೀರು, ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್, ಇಷ್ಟೇ ಸಾಕು. ಉಜ್ಜಿ ತೊಳೆದು ಹಳೇ ಪಂಚೆಯಲ್ಲಿ ಒರೆಸಿ. ತೊಳೆಯುವ ಮೊದಲು ಸ್ಯಾಂಡ್ ಪೇಪರ್ ಹಿಡಿಯಬೇಡಿ, ಜಿಡ್ಡು ಗೀರುಗಳೊಳಗೆ ಸೇರಿಬಿಡುತ್ತದೆ. ಶುಚಿಯಾಗಿದೆಯೇ ಎಂದು ನೋಡಲು ನೀರು ಚಿಮುಕಿಸಿ. ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ನಿಂತರೆ ಇನ್ನೂ ಜಿಡ್ಡು ಇದೆ. ಹಾಳೆಯಂತೆ ಹರಡಿಕೊಂಡರೆ ಸರಿಯಾಗಿದೆ.

ಈಗ ಪುಟ್ಟಿ. ಎಪಾಕ್ಸಿಗೆ ಮೈಕ್ರೊಬಲೂನ್ ಎನ್ನುವ ಹಗುರ ಗಾಜಿನ ಪುಡಿ ಬೆರೆಸಿ ನೀವೇ ಪುಟ್ಟಿ ಮಾಡಿಕೊಳ್ಳಿ. ತಟ್ಟೆಯಿಂದ ಇಳಿದು ಹರಿಯದಷ್ಟು ಗಟ್ಟಿ ಇರಲಿ. ತಗ್ಗುಗಳಿಗೆ ಮಾತ್ರ ಹಾಕಿ. ಉಜ್ಜಲು ಅಂಗೈಯಲ್ಲಿ ಕಾಗದ ಹಿಡಿದರೆ ಬೆರಳು ತಗ್ಗಿನೊಳಗೆ ಇಳಿದು ತಗ್ಗು ಇನ್ನೂ ಆಳವಾಗುತ್ತದೆ. ಒಂದೂವರೆ ಅಡಿ ಉದ್ದದ ತೆಳು ಪ್ಲೈವುಡ್ ಪಟ್ಟಿಗೆ 80 ನಂಬರ್ ಕಾಗದ ಅಂಟಿಸಿ, ಎರಡು ಹಿಡಿ ಕೊಟ್ಟು, ದೋಣಿಯ ಉದ್ದಕ್ಕೆ ಓರೆಯಾಗಿ ಎರಡೂ ಕಡೆಯಿಂದ ಎಳೆಯಿರಿ. ಮೊದಲು ಪೆನ್ಸಿಲ್‌ನಿಂದ ಮೈಮೇಲೆಲ್ಲ ಗೀಚಿಬಿಟ್ಟರೆ ಒಳ್ಳೆಯದು. ಉಜ್ಜಿದ ಮೇಲೂ ಪೆನ್ಸಿಲ್ ಉಳಿದಲ್ಲಿ ತಗ್ಗು ಇದೆ. ರಾತ್ರಿ ಟಾರ್ಚನ್ನು ಮೈಗೆ ಒರಗಿಸಿ ಪಕ್ಕದಿಂದ ಬೆಳಕು ಬಿಟ್ಟು ನೋಡಿ. ಹಗಲು ಕಾಣದ ಅಲೆಗಳೆಲ್ಲ ಕಾಣುತ್ತವೆ.

ಎಷ್ಟು ನುಣುಪು ಸಾಕು? ನನ್ನ ಅಭಿಪ್ರಾಯ ಕೇಳಿದರೆ, ನೀರಿನ ಮೇಲೆ ಕಾಣುವ ಪಕ್ಕಗಳಿಗೆ ಸಮಯ ಕೊಡಿ. ತಳಕ್ಕೆ ಬೇಡ. ತಳದ ಹೊಳಪನ್ನು ಬೊಡ್ಡೆಯೂ ಕಲ್ಲೂ ಎರಡೇ ವಾರದಲ್ಲಿ ತೆಗೆಯುತ್ತವೆ. ಬಾಗು ಸರಿಯಾಗಿದ್ದು ಕೈ ಜಾರಿದಲ್ಲಿ ಎಡವದಿದ್ದರೆ ಸಾಕು. ಪಕ್ಕಗಳನ್ನೂ ಕನ್ನಡಿ ಮಾಡಲು ಹೋಗಬೇಡಿ. ಹೊಳಪು ಜಾಸ್ತಿಯಾದಷ್ಟೂ ಸಣ್ಣ ಏರುತಗ್ಗು ಎದ್ದು ಕಾಣುತ್ತದೆ. ಅರೆಹೊಳಪಿನ ಪೇಂಟ್ ಎಷ್ಟೋ ತಪ್ಪನ್ನು ಮುಚ್ಚುತ್ತದೆ.

ಕಾಗದದ ನಂಬರ್ 80ರಿಂದ 120, ಆಮೇಲೆ ಪ್ರೈಮರ್. ಪ್ರೈಮರ್ ಎರಡು ಭಾಗದ ಎಪಾಕ್ಸಿ ಪ್ರೈಮರ್ ಆಗಿರಲಿ. ಎನಾಮೆಲನ್ನು ನೇರವಾಗಿ ಎಪಾಕ್ಸಿಯ ಮೇಲೆ ಹೊಡೆದರೆ ವಾರ ಕಳೆದರೂ ಅಂಟಂಟಾಗಿಯೇ ಇರುವುದುಂಟು. ಹಾರ್ಡನರ್‌ನ ಉಳಿಕೆ ಎನಾಮೆಲ್ ಒಣಗುವುದನ್ನು ತಡೆಯುತ್ತದೆ. ಪ್ರೈಮರ್ ಗಟ್ಟಿಯಾದ ಮೇಲೆ 220 ನಂಬರ್ ವಾಟರ್ ಪೇಪರ್‌ನಿಂದ ನೀರು ಹಾಕಿ ಉಜ್ಜಿ. ಧೂಳು ಏಳುವುದಿಲ್ಲ, ಎದೆಗೂ ಒಳ್ಳೆಯದು.

ಇಲ್ಲಿಗೆ ನಿಮ್ಮ ನಿಜವಾದ ಪ್ರಶ್ನೆ ಬಂತು. ದೋಣಿ ದಿನಾ ದಡಕ್ಕೆ ಬರುತ್ತದೆ ಎಂದಿದ್ದೀರಿ. ಹಾಗಿದ್ದರೆ ಒಳ್ಳೆಯ ಗುಣಮಟ್ಟದ ಸಾಧಾರಣ ಸಿಂಥೆಟಿಕ್ ಎನಾಮೆಲ್ ಸಾಕು. ಮನೆಯ ಕಿಟಕಿ, ಗೇಟಿಗೆ ಹೊಡೆಯುತ್ತಾರಲ್ಲ, ಅದೇ. ಸಾಗರದ ಅಂಗಡಿಯಲ್ಲೇ ಸಿಗುತ್ತದೆ, ಗೀರು ಬಿದ್ದಲ್ಲಿ ಸುಮ್ನೆ ಉಜ್ಜಿ ಮತ್ತೆ ಹಚ್ಚಬಹುದು. ಮೂರು ತೆಳು ಕೋಟಿಗೆ 2 ಲೀಟರ್ ಇದ್ದರೆ ಹೊರಮೈ ಮುಗಿಯುತ್ತದೆ. ಎರಡು ಭಾಗದ ಪಾಲಿಯುರೆಥೇನ್ ಪೇಂಟ್ ಇದಕ್ಕಿಂತ ತುಂಬಾ ಗಟ್ಟಿ, ಹೊಳಪೂ ವರ್ಷಗಟ್ಟಲೆ ಉಳಿಯುತ್ತದೆ. ಆದರೆ ರಿಪೇರಿ ಕಷ್ಟ, ಬೆಲೆಯೂ ಹೆಚ್ಚು. ಅದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಸ್ಪ್ರೇ ಹೊಡೆದಾಗ ಅದರ ಮಂಜು ಶ್ವಾಸಕೋಶಕ್ಕೆ ಹೋದರೆ ಉಬ್ಬಸ ಶುರುವಾಗಬಹುದು, ಮತ್ತೆ ಜೀವನಪೂರ್ತಿ ಬಿಡದಿರಬಹುದು. ಮುಖಕ್ಕೆ ಕಟ್ಟಿಕೊಳ್ಳುವ ಬಟ್ಟೆಯಾಗಲಿ ಎನ್95 ಮಾಸ್ಕ್ ಆಗಲಿ ಇದನ್ನು ತಡೆಯುವುದಿಲ್ಲ. ಹೊರಗಿನಿಂದ ಶುದ್ಧ ಗಾಳಿ ಕೊಡುವ ಮುಖವಾಡ ಇಲ್ಲದೆ ಇದನ್ನು ಯಾರಿಂದಲೂ ಸ್ಪ್ರೇ ಮಾಡಿಸಬೇಡಿ. ಪೇಂಟರ್ ತಾನೇ ಒಪ್ಪಿದರೂ ಬೇಡ.

ಯೋಚನೆ ಬದಲಾಗಿ ದೋಣಿಯನ್ನು ತಿಂಗಳುಗಟ್ಟಲೆ ನೀರಲ್ಲೇ ಕಟ್ಟಿಡುವುದಾದರೆ ಮಾತ್ರ ಉತ್ತರ ಬೇರೆ. ಸದಾ ಮುಳುಗಿರುವ ಜಾಗದಲ್ಲಿ ಎನಾಮೆಲ್ ಮೆತ್ತಗಾಗಿ ಗುಳ್ಳೆ ಬರುತ್ತದೆ. ಪಾಲಿಯುರೆಥೇನ್ ಕೂಡ ಅಲ್ಲಿಗೆ ಹೇಳಿದ್ದಲ್ಲ. ನೀರಿನ ಗೆರೆಯ ಕೆಳಗೆ ಎರಡು ಭಾಗದ ಎಪಾಕ್ಸಿ ಪೇಂಟ್ ಹೊಡೆದು ನಿಲ್ಲಿಸಿ. ಗೆರೆ ಎಳೆಯಲು ಗಾರೆ ಕೆಲಸದವರ ಲೆವೆಲ್ ಪೈಪ್ ಸಾಕು.

ಮಂಗಳೂರು, ಮಲ್ಪೆ ಕಡೆ ದೋಣಿಯ ತಳಕ್ಕೆ ಹಚ್ಚುವ ತಾಮ್ರದ ಪೇಂಟ್ ಬಗ್ಗೆ ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಅದು ಸಮುದ್ರದ ಚಿಪ್ಪುಹುಳ ಅಂಟದಿರಲಿ ಎಂದು ಮಾಡಿದ ವಿಷ. ಶರಾವತಿಯ ಸಿಹಿನೀರಿನಲ್ಲಿ ಆ ಹುಳದ ಕಾಟ ಇಲ್ಲ. ಪಾಚಿ ಬಂದರೆ ತೆಂಗಿನ ನಾರಿನಿಂದ ಉಜ್ಜಿದರೆ ಹೋಗುತ್ತದೆ. ಮೀನು ಇರುವ, ಜನ ಕುಡಿಯುವ ನೀರಿಗೆ ತಾಮ್ರ ಬಿಡುವುದು ತಪ್ಪು.

ತಿಳಿಬಣ್ಣವೇ ಇರಲಿ. ಬಿಳಿ, ಕೆನೆ, ತಿಳಿಹಸಿರು. ಕಡುನೀಲಿ, ಕಪ್ಪು ಚಂದ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಬೇಸಿಗೆ ಬಿಸಿಲಿನಲ್ಲಿ ಅಂಥ ಮೈ 60 ಡಿಗ್ರಿ ದಾಟಬಹುದು. ಮನೆಯಲ್ಲಿ ಹಚ್ಚಿದ ಎಪಾಕ್ಸಿ ಅಷ್ಟು ಬಿಸಿಗೆ ಮೆತ್ತಗಾಗಲು ಶುರುವಾಗುತ್ತದೆ, ಬಟ್ಟೆಯ ನೇಯ್ಗೆ ಮೇಲೆ ಮೂಡುತ್ತದೆ.

ಪೇಂಟ್ ಹೊಡೆಯುವ ಹೊತ್ತು ಎಪಾಕ್ಸಿಗೆ ಹೇಳಿದ್ದಕ್ಕೆ ಉಲ್ಟಾ. ಬೆಳಗಿನ ಮಂಜು ಹರಿದು ಮೈ ಬೆಚ್ಚಗಾದ ಮೇಲೆ ಶುರುಮಾಡಿ, ಮಧ್ಯಾಹ್ನ ಎರಡರೊಳಗೆ ನಿಲ್ಲಿಸಿ. ಸಂಜೆ ಇಬ್ಬನಿ ಬೀಳುವುದರೊಳಗೆ ಮೇಲ್ಪದರ ಆರಿರಬೇಕು, ಇಲ್ಲವಾದರೆ ಹೊಳಪು ಸತ್ತು ಮಂಕಾಗುತ್ತದೆ. ದೀಪ ಹಾಕಿದರೆ ಹುಳುಗಳೆಲ್ಲ ಬಂದು ಪೇಂಟಿಗೆ ಅಂಟುತ್ತವೆ. ಹಿಂದಿನ ದಿನವೇ ನೆಲ ಗುಡಿಸಿ, ಕೆಲಸಕ್ಕೆ ಮುಂಚೆ ನೀರು ಚಿಮುಕಿಸಿ. ಇಬ್ಬರು ಬೇಕು. ಒಬ್ಬರು ಫೋಮ್ ರೋಲರ್‌ನಿಂದ ತೆಳುವಾಗಿ ಹಚ್ಚುತ್ತಾ ಹೋಗಲಿ, ಇನ್ನೊಬ್ಬರು ಹಿಂದೆಯೇ ಒಳ್ಳೆಯ ಬ್ರಷ್‌ನ ತುದಿಯಿಂದ ಹಗುರಾಗಿ ಎಳೆಯುತ್ತಾ ಬರಲಿ. ಗುಳ್ಳೆ ಒಡೆದು ಮೈ ತಾನಾಗಿ ಸಮವಾಗುತ್ತದೆ. ಎಳೆದ ಜಾಗಕ್ಕೆ ಮತ್ತೆ ಹಿಂದಿರುಗಿ ಬ್ರಷ್ ಹಾಕಬೇಡಿ.

ಒಳಗೆ ಮೂರು ಕೋಟು ಎಪಾಕ್ಸಿ, ಪ್ರೈಮರ್, ಎರಡು ಕೋಟು ತಿಳಿಬೂದು ಎನಾಮೆಲ್. ಕಾಲಿಡುವ ಕಡೆ ಹಸಿ ಪೇಂಟಿನ ಮೇಲೆ ಜರಡಿ ಹಿಡಿದ ಸಣ್ಣ ಮರಳು ಉದುರಿಸಿ, ಆರಿದ ಮೇಲೆ ಇನ್ನೊಂದು ಕೋಟು ಹೊಡೆಯಿರಿ. ಜಾರುವುದಿಲ್ಲ. ಸೀಟಿನ ಕೆಳಗೆ ಮುಚ್ಚಿದ ಪೆಟ್ಟಿಗೆ ಇದ್ದರೆ ಅದರ ಒಳಗೂ ಎಪಾಕ್ಸಿ ಹಚ್ಚುವುದನ್ನು ಮರೆಯಬೇಡಿ, ಗಾಳಿಯಾಡಲು ತೆರೆಯುವ ಮುಚ್ಚಳ ಇಡಿ. ಮರದ ಅಂದ ಕಾಣಬೇಕೆಂಬ ಆಸೆ ಇದ್ದರೆ ಅಂಚುಪಟ್ಟಿಗೆ ಮತ್ತು ಹುಟ್ಟಿಗೆ ಮಾತ್ರ ವಾರ್ನಿಷ್ ಹಚ್ಚಿ. ಬಿಸಿಲು ತಡೆಯುವ ಬಗೆಯದೇ ಆಗಲಿ, ವರ್ಷಕ್ಕೊಮ್ಮೆ ಮತ್ತೆ ಹಚ್ಚಲೇಬೇಕಾಗುತ್ತದೆ.

ಕೈಗೆ ಗ್ಲೌಸ್ ಇಲ್ಲದೆ ಎಪಾಕ್ಸಿ ಮುಟ್ಟಬೇಡಿ. ಕೈಗೆ ತಾಗಿದರೆ ಥಿನ್ನರ್‌ನಿಂದ ತೊಳೆಯಬೇಡಿ, ಅದು ರಾಳವನ್ನು ಚರ್ಮದೊಳಗೆ ಇಳಿಸುತ್ತದೆ. ಸೋಪು ನೀರು ಸಾಕು. ಒಮ್ಮೆ ಅಲರ್ಜಿ ಶುರುವಾದರೆ ಆಮೇಲೆ ಡಬ್ಬ ತೆರೆದರೂ ತುರಿಕೆ ಬರುತ್ತದೆ.

2025ರ ಜುಲೈನಲ್ಲಿ ಸಿಗಂದೂರು ಸೇತುವೆ ಬಂದ ಮೇಲೆ ಹಿನ್ನೀರು ದಾಟಲು ಲಾಂಚ್ ಕಾಯುವ ಕಾಲ ಮುಗಿಯಿತು. ಇನ್ನು ಅಲ್ಲಿ ಯಾರು ದೋಣಿ ಕಟ್ಟುತ್ತಾರೆ ಅಂದುಕೊಂಡಿದ್ದೆ. ನಿಮ್ಮ ಪತ್ರ ಓದಿ ತುಂಬಾ ಸಂತೋಷವಾಯಿತು.

ಕೊನೆಯ ಕೋಟು ಆದ ಮೇಲೆ ಎರಡು ವಾರ ನೆರಳಿನಲ್ಲಿ ಬಿಡಿ, ಆಮೇಲೆ ನೀರಿಗೆ ಇಳಿಸಿ. ಮುಟ್ಟಿದರೆ ಒಣಗಿದಂತೆ ಇದ್ದರೂ ಎನಾಮೆಲ್ ಒಳಗೆ ಗಟ್ಟಿಯಾಗಲು ಅಷ್ಟು ಸಮಯ ಬೇಕು. ಅರ್ಧ ಕೆಜಿಯಷ್ಟು ರಾಳ, ಅದಕ್ಕೆ ತಕ್ಕ ಹಾರ್ಡನರ್, ಸ್ವಲ್ಪ ಪೇಂಟ್ ಉಳಿಸಿಕೊಳ್ಳಿ. ಮೇ ಕೊನೆಗೆ ದೋಣಿಯನ್ನು ಮಗುಚಿ ತಳ ನೋಡಿ. ಮರ ಕಂಡಲ್ಲೆಲ್ಲ ಒಣಗಿಸಿ ಎಪಾಕ್ಸಿ ಸವರಿ, ಮೇಲೆ ಪೇಂಟ್ ಹಚ್ಚಿ. ಮಳೆಗಾಲದಲ್ಲಿ ಸೂರಿನಡಿ ಎರಡು ದಿಮ್ಮಿಗಳ ಮೇಲೆ ಮಗುಚಿಯೇ ಇಡಿ, ಕೆಳಗೆ ಗಾಳಿ ಆಡಲಿ. ಟಾರ್ಪಾಲ್ ಸುತ್ತಿ ಬಿಗಿಯಾಗಿ ಕಟ್ಟಬೇಡಿ, ಒಳಗೆ ಬೆವರಿ ನೀರು ಇಳಿಯುತ್ತದೆ.